ಹುಲ್ಲಿಲ್ಲದ ಅಹಿಂಸೆ

1958ರ ಏಪ್ರಿಲ್ 23ರಂದು ದೆಹಲಿಯಲ್ಲಿ ಐವರು ನ್ಯಾಯಮೂರ್ತಿಗಳು ಮುದಿ ಎತ್ತಿನ ಆಯುಷ್ಯವನ್ನು ಹುಲ್ಲಿನಲ್ಲಿ ಅಳೆದರು. ಸುಪ್ರೀಂ ಕೋರ್ಟಿಗೆ ಆಗಿನ್ನೂ ಸ್ವಂತ ಸೂರಿರಲಿಲ್ಲ. ತಿಲಕ್ ಮಾರ್ಗದ ಈಗಿನ ಕಟ್ಟಡಕ್ಕೆ ಹೋಗಲು ಇನ್ನೂ ಮೂರು ತಿಂಗಳ ಮೇಲಾಗಬೇಕಿತ್ತು. ಕಲಾಪವೆಲ್ಲ ಸಂಸತ್ ಭವನದೊಳಗೇ. ಬಿಹಾರ, ಉತ್ತರ ಪ್ರದೇಶ, ಮಧ್ಯಪ್ರದೇಶಗಳ ಗೋಹತ್ಯೆ ನಿಷೇಧ ಕಾನೂನುಗಳನ್ನು ಪ್ರಶ್ನಿಸಿ ಕಸಾಯಿ ವೃತ್ತಿಯವರು ತಂದಿದ್ದ ಮೊಕದ್ದಮೆ ಅದು. ಮಹಮ್ಮದ್ ಹನೀಫ್ ಖುರೇಷಿ ಪ್ರಕರಣವೆಂದು ಕಾನೂನು ಓದಿದವರಿಗೆಲ್ಲ ಗೊತ್ತು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಬರೆದ ತೀರ್ಪು ಹಸು ಮತ್ತು ಕರುವಿಗೆ ಪೂರ್ತಿ ರಕ್ಷಣೆ ಕೊಟ್ಟಿತು. ಎತ್ತು, ಹೋರಿ, ಎಮ್ಮೆಗಳ ಮಾತು ಬಂದಾಗ ಮಾತ್ರ ಗೆರೆ ಎಳೆಯಿತು: ಉಪಯೋಗಕ್ಕೆ ಬರುವಷ್ಟು ಕಾಲ ರಕ್ಷಣೆ, ಆಮೇಲೆ ಇಲ್ಲ. ಕೊಟ್ಟ ಕಾರಣಗಳಲ್ಲಿ ಎದ್ದು ಕಾಣುವುದು ಮೇವಿನ ಕೊರತೆ. ದೇಶದಲ್ಲಿರುವ ಹುಲ್ಲು ದೇಶದಲ್ಲಿರುವ ದನಗಳಿಗೆ ಸಾಲದು. ದುಡಿಯಲಾರದ ಎತ್ತು ತಿನ್ನುವ ಒಂದೊಂದು ಹೊರೆಯೂ ದುಡಿಯುವ ಎತ್ತಿನ, ಕರೆಯುವ ಹಸುವಿನ ಬಾಯಿಂದ ಕಿತ್ತದ್ದು ಎಂಬ ಲೆಕ್ಕ.

ಒಂದು ಜೀವ ಉಳಿಯಬೇಕೇ ಬೇಡವೇ ಎಂಬುದು ಧರ್ಮದ ಪ್ರಶ್ನೆ ಎಂದು ಊರೆಲ್ಲ ಜಗಳವಾಡುತ್ತಿದ್ದಾಗ ಕೋರ್ಟು ಉತ್ತರ ಹುಡುಕಿದ್ದು ಮೇವಿನ ಅಂಕಿಅಂಶದಲ್ಲಿ. ಹಾಗಿದ್ದರೆ ಹುಲ್ಲು ಹೆಚ್ಚಾದಂತೆ ಎತ್ತಿನ ಬದುಕುವ ಹಕ್ಕೂ ಹೆಚ್ಚುತ್ತದೆಯೇ? ಹುಲ್ಲು ಅಷ್ಟೇ ಇದ್ದು, ಅದರೊಳಗಿನ ಕಸುವು ಹೆಚ್ಚಾದರೆ?

ಆ ಕಾಲಕ್ಕೆ ಸಂಸತ್ ಭವನದಿಂದ ಹತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಹುಲ್ಲಿನ ಕಸುವು ಹೆಚ್ಚಿಸುವ ಕೆಲಸವೇ ನಡೆದಿತ್ತು. ದೆಹಲಿಯ ಪೂಸಾದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1905ರಲ್ಲಿ ಹುಟ್ಟಿದ್ದು ಬಿಹಾರದ ಪೂಸಾದಲ್ಲಿ. 1934ರ ಭೂಕಂಪದಲ್ಲಿ ಕಟ್ಟಡ ಕುಸಿದು, 1936ರಲ್ಲಿ ಸಂಸ್ಥೆ ದೆಹಲಿಗೆ ಬಂತು, ಬರುವಾಗ ಊರಿನ ಹೆಸರನ್ನೂ ಹೊತ್ತುಕೊಂಡು ಬಂತು. ಗೋಧಿ ತಳಿಗಳಿಂದ ಹೆಸರಾದ ಈ ಸಂಸ್ಥೆಯ ಇನ್ನೊಂದು ಕೊಡುಗೆ ‘ಪೂಸಾ ಜೈಂಟ್ ನೇಪಿಯರ್’. ಕೊಯಮತ್ತೂರಿನಲ್ಲಿ 1953ರಲ್ಲಿ ಸಜ್ಜೆಗೂ ನೇಪಿಯರ್ ಹುಲ್ಲಿಗೂ ಮಾಡಿದ ಸಂಕರದ ದಾರಿಯಲ್ಲೇ ಬಂದು, 1960ರ ದಶಕದ ಆರಂಭದಲ್ಲಿ ರೈತರ ಕೈ ಸೇರಿದ ತಳಿ. ನಮ್ಮ ಹಳ್ಳಿಗಳಲ್ಲಿ ಸೀಮೆ ಹುಲ್ಲು, ಆನೆ ಹುಲ್ಲು ಎಂದು ಕರೆಯುವುದು ಈ ಮನೆತನವನ್ನೇ. ಡೇರಿಗೆ ಹಾಲು ಹಾಕುವ ಮನೆಯ ಬದುವಿನಲ್ಲಿ ನಿಂತಿರುವ ಸಿಒ-3, ಸಿಒ-4, ಧಾರವಾಡದ ಮೇವು ಸಂಶೋಧನಾ ಕೇಂದ್ರದ ಡಿಎಚ್‌ಎನ್-6, ಎಲ್ಲವೂ ಅದೇ ಬಳಗ.

ಈ ಮದುವೆ ಮಾಡಿಸುವ ಕ್ರಮ ಚೆನ್ನಾಗಿದೆ. ಸಜ್ಜೆಯ ತೆನೆಯಲ್ಲಿ ಹೆಣ್ಣು ಭಾಗ ಮೊದಲು ಹೊರಬರುತ್ತದೆ. ಬಿಳಿ ಗರಿಯಂಥ ಶಲಾಕೆಗಳು ಇಣುಕಿ ಒಂದೆರಡು ದಿನ ಕಳೆದ ಮೇಲಷ್ಟೇ ಪರಾಗದ ಚೀಲಗಳು ಕಾಣುವುದು. ಶಲಾಕೆ ಇಣುಕುವ ಮೊದಲೇ ತಳಿಗಾರ ತೆನೆಗೆ ಕಾಗದದ ಚೀಲ ತೊಡಿಸಿರುತ್ತಾನೆ. ಆ ಒಂದೆರಡು ದಿನದ ಎಡೆಯಲ್ಲಿ ನೇಪಿಯರ್ ಪರಾಗವನ್ನು ತಂದು ಉದುರಿಸುತ್ತಾನೆ. ನೇಪಿಯರ್ ಹೂ ಬಿಡುವುದು ಹಗಲು ಚಿಕ್ಕದಾದ ಕಾಲಕ್ಕೆ, ಹಾಗಾಗಿ ಸಜ್ಜೆಯನ್ನು ಅದಕ್ಕೆ ಹೊಂದುವಂತೆ ದಿನ ಎಣಿಸಿ ಬಿತ್ತಬೇಕು. ಸಜ್ಜೆಯ ವರ್ಣತಂತುಗಳು 14, ನೇಪಿಯರಿನವು 28, ಹುಟ್ಟಿದ ಕೂಸಿಗೆ 21. ಬೆಸ ಸಂಖ್ಯೆ ಜೋಡಿಯಾಗದು, ಬೀಜ ಕಟ್ಟದು. ತಾಯಿಯಿಂದ ಮೃದುವಾದ ಎಲೆ, ಸಿಹಿ, ಹೆಚ್ಚು ಪ್ರೋಟೀನು. ತಂದೆಯಿಂದ ಕೊಯ್ದಷ್ಟೂ ಚಿಗುರುವ ಹಟ. ವಂಶ ಬೆಳೆಸುವ ಭಾಗ್ಯವೊಂದು ಮಾತ್ರ ಯಾರಿಂದಲೂ ಬರಲಿಲ್ಲ. ಎರಡು ಕಣ್ಣಿರುವ ಕಾಂಡದ ತುಂಡನ್ನು ಮಣ್ಣಿಗಿಟ್ಟು ಬೆಳೆಸಬೇಕು. ಅಂದರೆ ಒಂದು ತಳಿಯ ಹುಲ್ಲು ಎಷ್ಟು ಊರುಗಳಲ್ಲಿದ್ದರೂ ಅದು ಮೂಲದ ಒಂದೇ ಗಿಡ. ಆತ್ಮ ಒಂದೋ ಹಲವೋ ಎಂದು ತರ್ಕ ಮಾಡುವವರಿಗೆ ಬದುವಿನಲ್ಲೇ ಒಳ್ಳೆಯ ಉದಾಹರಣೆ ಸಿಗುತ್ತದೆ.

ಹುಲ್ಲಿನ ಗುಣ ಎಂದರೆ ಏನು? ಹಸಿರಾಗಿದ್ದರೆ ಒಳ್ಳೆಯದು ಎನ್ನುವುದು ಕಣ್ಣಿನ ಮಾತು. ದನದ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಹುಲ್ಲನ್ನು ಮೊದಲು ಉಣ್ಣುವವು ಅವೇ, ದನಕ್ಕೆ ದಕ್ಕುವುದು ಅವುಗಳ ದುಡಿಮೆಯ ಫಲ. ಮೇವಿನ ಒಣತೂಕದಲ್ಲಿ ಪ್ರೋಟೀನು ಸುಮಾರು ಶೇ. 7ಕ್ಕಿಂತ ಕೆಳಗಿಳಿದರೆ ಆ ಜೀವಿಗಳು ಸೊರಗುತ್ತವೆ, ನಾರು ಕರಗುವುದಿಲ್ಲ, ದನ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಗೋಧಿ ಹೊಟ್ಟಿನಲ್ಲಿ, ಬತ್ತದ ಹುಲ್ಲಿನಲ್ಲಿ ಇರುವುದು ಶೇ. 3ರಿಂದ 4. ಸಕಾಲಕ್ಕೆ ಕೊಯ್ದ ಸಂಕರ ನೇಪಿಯರಿನಲ್ಲಿ 8ರಿಂದ 10. ಈಜಿಪ್ಟಿನಿಂದ ಸಿಂಧ್ ದಾರಿಯಲ್ಲಿ ಬಂದು ಉತ್ತರ ಭಾರತದ ಚಳಿಗಾಲದ ಮೇವಾಗಿಬಿಟ್ಟ ಬರ್ಸೀಮಿನಲ್ಲಿ 17ರ ಮೇಲೆ. ಬರೀ ಹೊಟ್ಟು ತುಂಬಿದ ಗೋದಲಿಯ ಮುಂದೆ ನಿಂತ ಹಸು ಹೊಟ್ಟೆ ತುಂಬಿಕೊಂಡೇ ಹಸಿಯುತ್ತದೆ. ದೆಹಲಿ ಸುತ್ತಿನ ಗೋಶಾಲೆಗಳಲ್ಲಿ ಅಗ್ಗಕ್ಕೆ ಸಿಗುವ ಮೇವು ಗೋಧಿ ಹೊಟ್ಟೇ ಎಂಬುದನ್ನು ಇಲ್ಲಿ ಸೇರಿಸಿ ಓದಬೇಕು.

ಧರ್ಮದ ಪ್ರಶ್ನೆ ಶುರುವಾಗುವುದು ಇಲ್ಲಿಂದ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಗೃಹಸ್ಥನ ಅಹಿಂಸಾವ್ರತಕ್ಕೆ ತಟ್ಟುವ ದೋಷಗಳನ್ನು ಹೆಸರಿಸುತ್ತದೆ. ಹೊಡೆಯುವುದು, ಅತಿಭಾರ ಹೇರುವುದು ಇವುಗಳ ಸಾಲಿನಲ್ಲೇ ಅನ್ನಪಾನಗಳನ್ನು ತಡೆಯುವುದೂ ಬರುತ್ತದೆ. ಕೊಲ್ಲದೆ ಉಳಿಸಿ ಉಪವಾಸ ಕೆಡವಿದವನು ಅಹಿಂಸಕನಲ್ಲ ಎಂದು ಇಷ್ಟು ಖಚಿತವಾಗಿ ಹೇಳಿದ ಶಾಸ್ತ್ರ ಅಪರೂಪ. ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದಲ್ಲಿ ಗಾಯಗೊಂಡ ಹಕ್ಕಿಗಳಿಗೆ ಆಸ್ಪತ್ರೆ ನಡೆಸುವ ದಯೆಯ ಹಿಂದಿರುವುದೂ ಇದೇ ಪರಂಪರೆ. ಕನ್ನಡಕ್ಕೆ ಇದು ಹೊರಗಿನದೇನೂ ಅಲ್ಲ. ಶ್ರವಣಬೆಳಗೊಳದ ನಾಡಿನ ಮಾತು. ಶೇ. 3ರ ಹೊಟ್ಟನ್ನು ಮುಂದಿಟ್ಟು ಕೈ ತೊಳೆದುಕೊಳ್ಳುವುದು ಅನ್ನಪಾನ ತಡೆದಂತೆ ಆಗುತ್ತದೆಯೋ ಇಲ್ಲವೋ? ಹಿಂದಿನವರಿಗೆ ಈ ಪ್ರಶ್ನೆ ಇರಲಿಲ್ಲ, ಏಕೆಂದರೆ ಅವರ ಬಳಿ ಕಸುವಿನ ಅಳತೆ ಇರಲಿಲ್ಲ. ಅಳತೆ ಗೊತ್ತಾದ ಮೇಲೆ ಗೊತ್ತಿಲ್ಲವೆಂದು ಹೇಳುವ ಅನುಕೂಲ ಹೋಯಿತು.

ದೆಹಲಿಯ ರಸ್ತೆ ಬದಿಗೆ ಬಂದರೆ ಈ ಪ್ರಶ್ನೆ ಇನ್ನೂ ಒರಟಾಗಿ ಎದುರಾಗುತ್ತದೆ. ಜಾತಕ ನಂಬುವವರಿಗೆ ಬುಧವಾರ ಹಸುವಿಗೆ ಹಸಿರು ಮೇವು ಹಾಕಿದರೆ ಬುಧ ಒಲಿಯುತ್ತಾನೆ, ಅಮಾವಾಸ್ಯೆಗೂ ಪುಣ್ಯ. ಮೇವಿನವನು ಬೇಸಿಗೆಯಲ್ಲಿ ಜೋಳ, ಚಳಿಗಾಲದಲ್ಲಿ ಬರ್ಸೀಮಿನ ಸಣ್ಣ ಸಣ್ಣ ಕಟ್ಟು ಕಟ್ಟಿಟ್ಟುಕೊಂಡು ಕೂತಿರುತ್ತಾನೆ, ಪಕ್ಕದಲ್ಲೇ ನಾಲ್ಕಾರು ದನ. ಕಾರು ನಿಲ್ಲುತ್ತದೆ. ಕಿಟಕಿಯಿಂದ ನೋಟು, ದನದ ಮುಂದೆ ಕಟ್ಟು, ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡು ಕಾರು ಮುಂದೆ. ಮನೆಯಿಂದ ರೊಟ್ಟಿ, ಬೆಲ್ಲ, ಹಬ್ಬದ ಮರುದಿನ ಮಿಕ್ಕ ಪೂರಿ, ಹಲ್ವಾ ತರುವವರೂ ಉಂಟು. ಆ ಬುಧವಾರದ ಹಸು ಗುರುವಾರ ಕಸದ ತೊಟ್ಟಿಯಲ್ಲಿ ಪ್ಲಾಸ್ಟಿಕ್ ಎಳೆಯುತ್ತಿರುತ್ತದೆ. ಪಶುವೈದ್ಯರಿಗೆ ಈ ಭಕ್ತಿಯ ಫಲ ಗೊತ್ತು: ಹಿಟ್ಟು, ಸಕ್ಕರೆ ಒಮ್ಮೆಲೇ ಹೋದರೆ ಹೊಟ್ಟೆಯಲ್ಲಿ ಆಮ್ಲ ಏರಿ ದನ ನೆಲ ಹಿಡಿಯುತ್ತದೆ, ಎಳೆ ಬರ್ಸೀಮು ಖಾಲಿ ಹೊಟ್ಟೆಗೆ ಅತಿಯಾದರೆ ಹೊಟ್ಟೆ ಉಬ್ಬರಿಸುತ್ತದೆ. ಕೊಟ್ಟವನ ಶ್ರದ್ಧೆಯಲ್ಲಿ ಕೊರತೆಯಿಲ್ಲ. ದಾನಕ್ಕೆ ದೇಶ, ಕಾಲ, ಪಾತ್ರ ನೋಡಬೇಕೆಂದು ಗೀತೆ ಓದಿದವರಿಗೆಲ್ಲ ಬಾಯಿಪಾಠ. ಪಾತ್ರವೆಂದರೆ ಪಡೆಯುವವರ ಯೋಗ್ಯತೆ ಎಂದಷ್ಟೇ ಅರ್ಥ ಹೇಳಿಕೊಂಡು ಬಂದಿದ್ದೇವೆ. ಪಡೆಯುವವರ ಹೊಟ್ಟೆ ಎಂದು ಓದಿಕೊಂಡಿದ್ದರೆ ಬುಧವಾರದ ಚಿತ್ರವೇ ಬೇರೆ ಇರುತ್ತಿತ್ತು.

ಪೇಟೆಯ ತಪ್ಪೂ ಇದೆ. ಡೇರಿಯವನು ಹಾಲಿಗೆ ಕೊಬ್ಬು ನೋಡಿ ಬೆಲೆ ಕಟ್ಟುತ್ತಾನೆ; ಹುಲ್ಲನ್ನು ಮಾತ್ರ ಎಲ್ಲರೂ ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ. ನೀರಿಗೂ ಅದೇ ಬೆಲೆ, ಪ್ರೋಟೀನಿಗೂ ಅದೇ ಬೆಲೆ. ಇಂಥ ಪೇಟೆಯಲ್ಲಿ ತಳಿಗಾರ ಗುಣಕ್ಕಿಂತ ಗಾತ್ರಕ್ಕೆ ತಳಿ ಎಬ್ಬಿಸಿದರೆ ಅವನನ್ನು ದೂರುವಂತಿಲ್ಲ. ರೈತನೂ ಅಷ್ಟೆ. ನಲವತ್ತೈದು ದಿನಕ್ಕೆ ಕೊಯ್ಯಬೇಕಾದ ನೇಪಿಯರನ್ನು ತೂಕ ಬರಲೆಂದು ತಲೆಯೆತ್ತರ ಬೆಳೆಸುತ್ತಾನೆ, ಅಷ್ಟರಲ್ಲಿ ಕಾಂಡ ಕಟ್ಟಿಗೆಯಾಗಿರುತ್ತದೆ.

ಕಸುವು ಅಳೆಯುವ ಕೆಲಸಕ್ಕೂ ಒಂದು ಧರ್ಮಸಂಕಟ ಅಂಟಿಕೊಂಡಿದೆ. ಮೇವು ಸಂಶೋಧನಾ ಕೇಂದ್ರಗಳಲ್ಲಿ ಪಕ್ಕೆಯಲ್ಲಿ ರಬ್ಬರಿನ ಮುಚ್ಚಳವಿರುವ ದನ ಇರುತ್ತದೆ. ಶಸ್ತ್ರಕ್ರಿಯೆ ಮಾಡಿ ಚರ್ಮದಿಂದ ಹೊಟ್ಟೆಯವರೆಗೆ ತೆರೆದ ಕಿಂಡಿ ಅದು. ಪುಡಿ ಮಾಡಿದ ಹುಲ್ಲನ್ನು ಕೆಲವೇ ಗ್ರಾಂ ತೂಗಿ ನೈಲಾನ್ ಚೀಲಕ್ಕೆ ಹಾಕಿ, ಮುಚ್ಚಳ ತೆಗೆದು, ಹೊಟ್ಟೆಯ ಬಿಸಿ ದ್ರವದೊಳಗೆ ಇಳಿಬಿಡುತ್ತಾರೆ. 48 ಗಂಟೆಯ ಮೇಲೆ ಎಳೆದು, ತೊಳೆದು, ಒಣಗಿಸಿ, ಮತ್ತೆ ತೂಗುತ್ತಾರೆ. ಕಡಿಮೆಯಾದ ತೂಕವೇ ಆ ಹುಲ್ಲಿನ ಯೋಗ್ಯತೆ. ಅಷ್ಟು ಹೊತ್ತೂ ದನ ಮೆಲುಕು ಹಾಕುತ್ತ ನಿಂತಿರುತ್ತದೆ. 1963ರಲ್ಲಿ ಇಂಗ್ಲೆಂಡಿನ ಟಿಲ್ಲಿ ಮತ್ತು ಟೆರಿ ಇದನ್ನು ಗಾಜಿನ ನಳಿಗೆಯಲ್ಲೇ ಮಾಡುವ ವಿಧಾನ ಕೊಟ್ಟರು, ಆದರೆ ನಳಿಗೆಗೆ ಬೇಕಾದ ಜೀವಂತ ದ್ರವ ಬರುವುದು ಅದೇ ಕಿಂಡಿಯಿಂದ. ಈಗ ಬೆಳಕಿನ ಕಿರಣ ಹಾಯಿಸಿ ನಿಮಿಷಗಳಲ್ಲಿ ಪ್ರೋಟೀನು, ನಾರು ಓದುವ ಯಂತ್ರಗಳಿವೆ. ಪ್ರಾಣಿ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಆದರೂ ಅರಗುವಿಕೆ ಓದಲು ಯಂತ್ರಕ್ಕೆ ಕಲಿಸಿದ್ದು ಕಿಂಡಿಯ ದನವೇ.

ತತ್ತ್ವಾರ್ಥಸೂತ್ರದ ಅದೇ ಪಟ್ಟಿಯಲ್ಲಿ ಪ್ರಾಣಿಯ ಅಂಗ ಕೊಯ್ಯುವುದೂ ದೋಷ. ಒಂದು ದನದ ಮೈ ಕೊಯ್ಯದೆ ಸಾವಿರ ದನಗಳ ಹಸಿವು ಅಳೆಯಲಾಗದು. ಅಳೆಯದಿದ್ದರೆ ಅನ್ನಪಾನ ತಡೆದ ದೋಷ. ಜೈನ ಪರಂಪರೆಯಲ್ಲಿ ಹುಲ್ಲೂ ಜೀವವೇ, ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ. ಅದರ ಪಾಲಿಗೆ ಈ ತಳಿ ಸುಧಾರಣೆ ಏನು? ಲಿಗ್ನಿನ್ ಎಂಬ ಗಡಸು ನಾರು ಗಿಡವನ್ನು ಗಾಳಿಗೆ ನಿಲ್ಲಿಸುತ್ತದೆ, ಹುಳುವಿನ ಹಲ್ಲಿಗೆ ಸಿಗದಂತೆ ಕಾಯುತ್ತದೆ. ಎಳೆ ಜೋಳದ ಸೈನೈಡ್ ಅದರ ಆಯುಧ. ಬರಗಾಲದ ಕುಡಿಜೋಳಕ್ಕೆ ಬಾಯಿ ಹಾಕಿ ದನ ಸತ್ತ ಕಥೆ ಉತ್ತರ ಕರ್ನಾಟಕದ ರೈತರಿಗೆ ಹೊಸದಲ್ಲ. ನೇಪಿಯರಿನ ಆಕ್ಸಲೇಟ್ ತಿಂದವರ ಮೈಯ ಸುಣ್ಣ ಕಟ್ಟಿಹಾಕುತ್ತದೆ. ತಳಿಗಾರ ಇವನ್ನೆಲ್ಲ ಒಂದೊಂದಾಗಿ ಇಳಿಸುತ್ತ ಬರುತ್ತಾನೆ. ಪೂಸಾ ಚರಿ ಹೆಸರಿನ ಮೇವಿನ ಜೋಳಗಳನ್ನು ಆಯುವಾಗ ಸೈನೈಡ್ ಕಡಿಮೆಯಿರುವುದೂ ಒಂದು ಅಳತೆ. ಕಂದು ದಿಂಡಿನ ಜೋಳವೆಂಬ ರೂಪಾಂತರದಲ್ಲಿ ಲಿಗ್ನಿನ್ ತಗ್ಗಿತು, ಅರಗುವಿಕೆ ಹೆಚ್ಚಿತು, ಗಿಡ ಬೀಳುವುದೂ ಹೆಚ್ಚಿತು. ಒಳ್ಳೆಯ ಮೇವು ಎಂದರೆ ತನ್ನನ್ನು ಕಾಯ್ದುಕೊಳ್ಳಲಾರದ ಹುಲ್ಲು.

ಗರಿಕೆಯ ಕಥೆ ಕೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ದೆಹಲಿಯ ಕನ್ನಡ ಮನೆಗಳವರು ಗಣೇಶ ಚೌತಿಗೆ ಪಾರ್ಕಿನ ಹುಲ್ಲುಹಾಸಿನಲ್ಲಿ ಬಗ್ಗಿ ಕೀಳುವ ಗರಿಕೆ ಅಲ್ಲಿನವರ ‘ದೂಬ್’. ಅಮೆರಿಕದವರಿಗೆ ಅದೇ ಬರ್ಮುಡಾ ಹುಲ್ಲು. ಜಾರ್ಜಿಯಾದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಎಂಬ ತಳಿ ವಿಜ್ಞಾನಿ ಇದನ್ನೇ ಹಿಡಿದು 1943ರಲ್ಲಿ ‘ಕೋಸ್ಟಲ್’ ತಳಿ ಕೊಟ್ಟರು. 1967ರ ‘ಕೋಸ್ಟ್‌ಕ್ರಾಸ್-1’ ಅದಕ್ಕಿಂತ ಶೇ. 12ರಷ್ಟು ಹೆಚ್ಚು ಅರಗುತ್ತಿತ್ತು. ಮೇಯ್ದ ಹೋರಿಗಳ ಮೈ ಸುಮಾರು ಶೇ. 30ರಷ್ಟು ಹೆಚ್ಚು ವೇಗದಲ್ಲಿ ತುಂಬಿತು. ಅರಗುವಿಕೆಯಲ್ಲಿನ ಸಣ್ಣ ಏರಿಕೆ ದನದ ಮೈಯಲ್ಲಿ ದೊಡ್ಡದಾಗುತ್ತದೆ ಎಂಬುದಕ್ಕೆ ಮೇವು ವಿಜ್ಞಾನದವರು ಇಂದಿಗೂ ಕೊಡುವ ದೃಷ್ಟಾಂತ ಇದು.  ಟಿಫ್ಟನ್‌ನಿಂದ ಆಮೇಲೆ ಬಂದ ‘ಟಿಫ್ಟನ್ 85’ ಗುಣದಲ್ಲಿ ಇನ್ನೂ ಮೇಲು. 2012ರ ಬೇಸಿಗೆಯ ಬರದಲ್ಲಿ ಟೆಕ್ಸಾಸಿನ ಒಂದು ಕಡೆ ಈ ಹುಲ್ಲು ಮೇಯ್ದ 18 ದನಗಳಲ್ಲಿ 15 ಸೈನೈಡ್‌ನಿಂದ ಸತ್ತವು. ಜೀನ್ ತಿದ್ದಿದ ಹುಲ್ಲು ಎಂದು ಸುದ್ದಿಮಾಧ್ಯಮ ಕೂಗಿತು. ಅಲ್ಲ, ಅದು ಸಾದಾ ಸಂಕರ. ಕಿತ್ತುಕೊಂಡ ಆಯುಧ ಬರದಲ್ಲಿ ಎಲ್ಲಿಂದಲೋ ಮರಳಿ ಬಂದಿತ್ತು.

ದನದ ಮೇವಿಗೆ ಲೆಕ್ಕ ಇಡುವುದು ಕೌಟಿಲ್ಯನಿಗೆ ಅಪಥ್ಯವಾಗಿರಲಿಲ್ಲ. ಅರ್ಥಶಾಸ್ತ್ರದ ಗೋಧ್ಯಕ್ಷ ಪ್ರಕರಣದಲ್ಲಿ ಹೋರಿಗೆ ಹಸಿಮೇವು ಎಷ್ಟು, ಹುಲ್ಲು ಎಷ್ಟು, ಹಿಂಡಿ, ತೌಡು, ಉಪ್ಪು ಎಷ್ಟೆಷ್ಟು ಎಂದು ತೂಕದ ಸಮೇತ ಇದೆ. ಆ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚಿಗೆ ತಂದವರು ರುದ್ರಪಟ್ಟಣದ ಶಾಮಾಶಾಸ್ತ್ರಿಗಳು. ಸಾಕಣೆಗೆ ಲೆಕ್ಕ ಬೇಕೆಂಬುದು ಗಾಂಧೀಜಿಗೂ ಗೊತ್ತಿತ್ತು. 1927ರಲ್ಲಿ ನಂದಿಬೆಟ್ಟದಲ್ಲಿ ಸುಧಾರಿಸಿಕೊಂಡು ಬೆಂಗಳೂರಿಗಿಳಿದ ಅವರು ಅಲ್ಲಿನ ಇಂಪೀರಿಯಲ್ ಪಶುಸಂಗೋಪನೆ ಮತ್ತು ಡೇರಿ ಸಂಸ್ಥೆಗೆ ಹೋಗಿ ದನ ಸಾಕಣೆಯ ಪಾಠ ಹೇಳಿಸಿಕೊಂಡರು. 1923ರಲ್ಲಿ ಶುರುವಾಗಿದ್ದ ಆ ಸಂಸ್ಥೆಯೇ 1955ರಲ್ಲಿ ಕರ್ನಾಲಿಗೆ ಹೋಗಿ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಾಗಿ ನಿಂತಿದೆ.  ಗೋರಕ್ಷಣೆ ಎಂದರೆ ಮೊದಲು ದನವನ್ನು ಚೆನ್ನಾಗಿ ಸಾಕುವುದು ಎಂದು ಹೇಳುತ್ತಿದ್ದ ಗಾಂಧೀಜಿ, ತಾವೇ ಹಸುವಿನ ಹಾಲು ಬಿಟ್ಟು ಆಡಿನ ಹಾಲು ಕುಡಿಯುತ್ತಿದ್ದವರು.

ಸಾಕುವುದನ್ನು ಕಲಿಯುವ ಆ ತಾಳ್ಮೆ ದೆಹಲಿಯ ರಾಜಕೀಯಕ್ಕೆ ಬರಲಿಲ್ಲ. 1948ರ ನವೆಂಬರ್ 24ರಂದು ಸಂವಿಧಾನ ಸಭೆಯಲ್ಲಿ ಠಾಕೂರ್ ದಾಸ್ ಭಾರ್ಗವ ಮಂಡಿಸಿದ ತಿದ್ದುಪಡಿ ಇಂದು 48ನೆಯ ವಿಧಿಯಲ್ಲಿದೆ. ಪಶುಸಂಗೋಪನೆಯನ್ನು ಆಧುನಿಕ ವೈಜ್ಞಾನಿಕ ಕ್ರಮದಲ್ಲಿ ನಡೆಸಬೇಕೆಂಬ ಮಾತೂ ಗೋಹತ್ಯೆ ತಡೆಯಬೇಕೆಂಬ ಮಾತೂ ಅಲ್ಲಿ ಒಂದೇ ವಾಕ್ಯದಲ್ಲಿವೆ. ಎರಡನೆಯದಕ್ಕೆ ಜನ ಬೀದಿಗಿಳಿದರು. 1966ರ ನವೆಂಬರ್ 7ರಂದು ಸಂಸತ್ತಿನೆದುರು ಗುಂಡೂ ಹಾರಿತು. ಮೊದಲನೆಯದಕ್ಕಾಗಿ ಯಾರೂ ಮೆರವಣಿಗೆ ತೆಗೆದದ್ದಿಲ್ಲ. ಮರುವರ್ಷ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎ.ಕೆ. ಸರ್ಕಾರ್ ನೇತೃತ್ವದಲ್ಲಿ ಗೋರಕ್ಷಣೆಯ ಬಗ್ಗೆ ಸಮಿತಿ ಆಯಿತು. ಪುರಿಯ ಶಂಕರಾಚಾರ್ಯರು, ಆರೆಸ್ಸೆಸ್ಸಿನ ಗೋಳ್ವಲ್ಕರ್, ಅಮುಲ್‌ನ ವರ್ಗೀಸ್ ಕುರಿಯನ್ ಒಂದೇ ಮೇಜಿನ ಸುತ್ತ ಕೂತರು. ಹನ್ನೆರಡು ವರ್ಷದ ಮೇಲೆ ವರದಿಯನ್ನೇ ಕೊಡದೆ ಸಮಿತಿ ಮುಗಿಯಿತು.

1958ರ ತೀರ್ಪು ಎಳೆದ ಗೆರೆಯನ್ನು ಸುಪ್ರೀಂ ಕೋರ್ಟೇ ಅಳಿಸಿದ್ದು 2005ರ ಅಕ್ಟೋಬರ್ 26ರಂದು. ಮಿರ್ಜಾಪುರ ಮೋತಿ ಖುರೇಷಿ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ನೇತೃತ್ವದ ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಮುದಿ ಎತ್ತು ಸಗಣಿ, ಗಂಜಲದಿಂದ ಕೊನೆಯವರೆಗೂ ಉಪಯುಕ್ತ ಎಂದರು. ಮೇವಿನ ಕೊರತೆ ಹಿಂದಿನಂತಿಲ್ಲ ಎಂದರು. ಅಂದರೆ ಈ ಸಲವೂ ಜೀವವನ್ನು ತೂಗುವ ಕಲ್ಲು ಹುಲ್ಲೇ. ವಾಸ್ತವದಲ್ಲಿ ದೇಶದ ಸಾಗುವಳಿ ಭೂಮಿಯಲ್ಲಿ ಮೇವಿಗೆ ಸಿಕ್ಕಿರುವುದು ಸುಮಾರು ಶೇ. 4; 2019ರ ಜಾನುವಾರು ಗಣತಿಯಲ್ಲಿ ಬೀದಿಗೆ ಬಿದ್ದ ದನಗಳು 50 ಲಕ್ಷ. ತೀರ್ಪಿನ ಫಲ ಸರಿಯಿರಬಹುದು, ಆಧಾರ ಸರಿಯಿಲ್ಲ. ಬದುಕುವ ಹಕ್ಕನ್ನು ಹುಲ್ಲಿನ ದಾಸ್ತಾನಿನ ಮೇಲೆ ನಿಲ್ಲಿಸಿದರೆ ಅದು ಪ್ರತಿ ಬರಗಾಲಕ್ಕೂ ಅಲುಗಾಡುತ್ತದೆ. ಹಕ್ಕನ್ನು ಮೊದಲು ಒಪ್ಪಿಕೊಂಡರೆ ಹುಲ್ಲು ಒಪ್ಪಿಕೊಂಡವರ ತಲೆಯ ಮೇಲಿನ ಋಣವಾಗುತ್ತದೆ. ಕೊಲ್ಲಬೇಡ ಎಂದವನು ಮೇಯಿಸಬೇಕು; ಮೇಯಿಸುವುದೆಂದರೆ ಏನೆಂದು ಪೂಸಾ, ಧಾರವಾಡ, ಕರ್ನಾಲಿನವರನ್ನು ಕೇಳಿ ತಿಳಿಯಬೇಕು.

ಕರ್ನಾಟಕ 2020ರಲ್ಲಿ ಕಾನೂನು ಬಿಗಿ ಮಾಡಿ, 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದೆಲ್ಲ ಜಾನುವಾರಿಗೆ ರಕ್ಷಣೆ ಕೊಟ್ಟಿತು. ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಒಂದು ಗೋವಿಗೆ ವರ್ಷಕ್ಕೆ 11,000 ರೂಪಾಯಿ ಎಂದಿಟ್ಟಿತು. ದಿನಕ್ಕೆ ಸುಮಾರು 30 ರೂಪಾಯಿ ಬಂತು. 400 ಕಿಲೋ ತೂಗುವ ದನಕ್ಕೆ ದಿನಕ್ಕೆ ಎಂಟರಿಂದ ಹತ್ತು ಕಿಲೋ ಒಣತೂಕದ ಮೇವು ಬೇಕು. ಗೊಡ್ಡು ಹಸುವಿಗೆ ಬರ್ಸೀಮಿನ ಸಿರಿತನ ಬೇಕಿಲ್ಲ, ಹೊಟ್ಟಿನ ಜೊತೆ ಸಕಾಲಕ್ಕೆ ಕೊಯ್ದ ನೇಪಿಯರ್ ಬೆರೆತರೆ ಸಾಕು. ಅದಕ್ಕೆ ಬೇಕಾದದ್ದು ನೀರಿರುವ ತುಂಡು ನೆಲ ಮತ್ತು ಪಕ್ಕದ ರೈತನ ಹತ್ತಿರ ಕೇಳಿದರೆ ಸಿಗುವ ಕಾಂಡದ ತುಂಡುಗಳು. ವರ್ಷಕ್ಕೆ ಆರೇಳು ಕೊಯ್ಲು ಬರುತ್ತದೆ. ಗೋಶಾಲೆಗೆ ಹಣ ಕೊಡುವ ಓದುಗರು, ಬೆಂಗಳೂರಿನವರಾಗಲಿ ದೆಹಲಿಯವರಾಗಲಿ, ರಸೀದಿ ತೆಗೆದುಕೊಳ್ಳುವಾಗ ಅಲ್ಲಿ ಹಸಿರು ಮೇವು ಎಷ್ಟು ಎಕರೆಯಲ್ಲಿದೆ, ಎಷ್ಟು ದಿನಕ್ಕೊಮ್ಮೆ ಕೊಯ್ಯುತ್ತಾರೆ ಎಂದು ಕೇಳಬೇಕು. ಉತ್ತರ ಸಿಗದ ಕಡೆ ಈ ಸಲದ ಹಣವನ್ನು ಹುಲ್ಲು ನೆಡುವುದಕ್ಕೆಂದೇ ಬರೆಸಿ ಕೊಡಲಿ.